ಸೀಮಿಯನ್ ಬೆಟ್ಟದ ಬುತ್ತಿ: ಜವೆಗೋದಿಯ ಹುರಿಹಿಟ್ಟು ನಡೆದು ಬಂದ ದಾರಿ

ಇಥಿಯೋಪಿಯಾದ ಉತ್ತರ ಭಾಗದಲ್ಲಿ, 4,500 ಮೀಟರ್ ಮೀರಿದ ರಾಸ್ ದಜೆನ್ ಶಿಖರವನ್ನು ಹೊತ್ತು ನಿಂತಿರುವ ಸೀಮಿಯನ್ ಪರ್ವತಸೀಮೆಯಲ್ಲಿ, ದಾರಿಗೆ ಹೊರಟವರು ಕಟ್ಟಿಕೊಳ್ಳುವ ಬುತ್ತಿಗೆ ‘ಸಿಂಕ್’ ಎಂಬ ಹೆಸರಿದೆ. ಆ ಬುತ್ತಿಯ ಮುಖ್ಯ ತಿನಿಸು ಬೆಸೊ, ಎಂದರೆ ಜವೆಗೋದಿಯ ಹುರಿಹಿಟ್ಟು.

ಇದಕ್ಕೆ ಕಾರಣ ಬೆಟ್ಟದ ಎತ್ತರ. ಇಂಜೆರಾ ರೊಟ್ಟಿಗೆ ಬೇಕಾದ ಟೆಫ್ ಧಾನ್ಯ ತಪ್ಪಲಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಆದರೆ 3,000 ಮೀಟರ್ ದಾಟಿದ ಮೇಲಿನ ಚಳಿಗೆ ತಾಳಿಕೊಂಡು ಕೈಗೆ ಬರುವ ಬೆಳೆ ಬಹುಮಟ್ಟಿಗೆ ಜವೆಗೋದಿಯೊಂದೇ. ಅದನ್ನು ಹೊಟ್ಟು ತೆಗೆದು, ಹುರಿದು, ನುಣ್ಣಗೆ ಬೀಸಿಟ್ಟರೆ ಬಹುಕಾಲ ಕೆಡುವುದಿಲ್ಲ. ಸೌದೆ ದುರ್ಲಭವಾದ ಎತ್ತರದಲ್ಲಿ ಒಲೆ ಹೂಡುವ ಅಗತ್ಯವೂ ಇಲ್ಲ: ಹಿಟ್ಟಿಗೆ ಉಪ್ಪು, ಬೆರ್ಬೆರೆ ಖಾರದ ಪುಡಿ, ಮಸಾಲೆ ಬೆರೆಸಿ ಕಾಯಿಸಿದ ತುಪ್ಪ ಮತ್ತು ತುಸು ನೀರು ಹಾಕಿ ಅಂಗೈಯಲ್ಲಿ ನಾದಿ ಉಂಡೆ ಕಟ್ಟಿದರೆ ಊಟ ಸಿದ್ಧ. ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರಗಳಂದು ಉಪವಾಸ ಹಿಡಿದು ಹಾಲು, ತುಪ್ಪ, ಮಾಂಸ ಮುಟ್ಟದಿರುವುದರಿಂದ ಅಂದು ತುಪ್ಪವನ್ನು ಬಿಡುತ್ತಾರೆ. ನಡೆಯುತ್ತಲೇ ಬಾಯಾಡಿಸಲು ಹುರಿದ ಜವೆಗೋದಿ ಕಾಳಿನ ‘ಕೋಲೊ’ ಇರುತ್ತದೆ, ಅದಕ್ಕೆ ಕೆಲವೊಮ್ಮೆ ಕಡಲೆಯೂ ಕುಸುಬೆಯೂ ಸೇರುತ್ತವೆ. ಇಂಜೆರಾ ಒಯ್ಯುವವರು ಹುಲ್ಲಿನಲ್ಲಿ ಹೆಣೆದು ಮೇಲೆ ಆಡಿನ ತೊಗಲು ಬಿಗಿದ ‘ಅಗೆಲ್ಗಿಲ್’ ಎಂಬ ಮುಚ್ಚಳದ ಬುಟ್ಟಿಯನ್ನು ಹೆಗಲಿಗೆ ತೂಗುಹಾಕಿಕೊಳ್ಳುತ್ತಾರೆ.

ಈ ಬುತ್ತಿ ವ್ಯಾಪಾರಿ, ಯಾತ್ರಿಕ, ಸೈನಿಕ ಎಲ್ಲರದೂ ಆಗಿತ್ತು. ಹಿಂದಿನ ಇಥಿಯೋಪಿಯಾದ ಸೇನೆಗೆ ವ್ಯವಸ್ಥಿತವಾದ ಆಹಾರ ಪೂರೈಕೆ ಇರಲಿಲ್ಲ. ಸೈನಿಕರು ತಮ್ಮ ಸಿಂಕ್ ತಾವೇ ತರುತ್ತಿದ್ದರು, ಅದು ಸಾಲದಾದಾಗ ದಾರಿಯ ರೈತರ ಕಣಜಕ್ಕೆ ಕೈಹಾಕುತ್ತಿದ್ದರು. 1896ರಲ್ಲಿ ಇಟಲಿಯನ್ನು ಸೋಲಿಸಿದ ಅಡ್ವಾ ಕದನದ ಹೊತ್ತಿಗೂ ಎರಡನೆಯ ಮೆನೆಲಿಕ್ ಚಕ್ರವರ್ತಿಯ ಪಾಳೆಯದಲ್ಲಿ ದವಸ ತೀರುತ್ತ ಬಂದಿತ್ತು.

ಬದಲಾವಣೆ ತಂದದ್ದು ಪ್ರವಾಸೋದ್ಯಮ. 1978ರಲ್ಲಿ ಸೀಮಿಯನ್ ರಾಷ್ಟ್ರೀಯ ಉದ್ಯಾನ ಯುನೆಸ್ಕೊದ ವಿಶ್ವ ಪರಂಪರೆಯ ಮೊದಲ ಪಟ್ಟಿಯಲ್ಲೇ ಸೇರಿತು. ಡೆಬಾರ್ಕ್ ಪಟ್ಟಣದಿಂದ ಹೊರಡುವ ಚಾರಣಿಗರ ಜೊತೆ ಅಡುಗೆಯವರೂ ಹೇಸರಗತ್ತೆಗಳೂ ಹೋಗುವ ರೂಢಿ ಬೆಳೆದು, ಶಿಬಿರದ ತಟ್ಟೆಗೆ ಪಾಸ್ತಾ ಮತ್ತು ಸೂಪ್ ಬಂದವು. ಹೊರಗಿನವರ ನಾಲಿಗೆಗೆ ಇದು ಹಿತವೆಂಬುದು ನಿಜ. ಆದರೆ ಅದೇ ಶಿಬಿರದ ಇನ್ನೊಂದು ಮೂಲೆಯಲ್ಲಿ ಬೆಸೊ ನಾದಿಕೊಳ್ಳುವ ಹೇಸರಗತ್ತೆಯವನ ಊಟ ಅತಿಥಿಯ ಕಣ್ಣಿಗೇ ಬೀಳದೆ ಹೋಗುವುದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ಹೊಲಗಳ ಕಥೆಯೂ ಇದಕ್ಕೆ ಹೆಣೆದುಕೊಂಡಿದೆ. ಬೇಸಾಯ ಮತ್ತು ಮೇವಿನ ಒತ್ತಡದಿಂದ ವಾಲಿಯಾ ಕಾಡುಮೇಕೆಗಳ ನೆಲೆ ಕುಗ್ಗಿದಾಗ, 1996ರಲ್ಲಿ ಉದ್ಯಾನವನ್ನು ಯುನೆಸ್ಕೊದ ಅಪಾಯದಲ್ಲಿರುವ ಪರಂಪರೆ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಉದ್ಯಾನದೊಳಗೇ ಜವೆಗೋದಿ ಬೆಳೆಯುತ್ತಿದ್ದ ಗಿಚ್ ಹಳ್ಳಿಯವರನ್ನು 2016ರ ಹೊತ್ತಿಗೆ ಡೆಬಾರ್ಕ್‌ಗೆ ಸ್ಥಳಾಂತರಿಸಲಾಯಿತು. 2017ರಲ್ಲಿ ಉದ್ಯಾನ ಆ ಪಟ್ಟಿಯಿಂದ ಹೊರಬಂದಿತು. ಚಾರಣಿಗರು ಇಂದಿಗೂ ಗಿಚ್ ಶಿಬಿರದಲ್ಲಿ ರಾತ್ರಿ ತಂಗುತ್ತಾರೆ. ಅಲ್ಲಿನ ಹಳ್ಳಿಯ ಒಲೆಗಳಲ್ಲಿ ಈಗ ಜವೆಗೋದಿ ಹುರಿಯುವವರಿಲ್ಲ.