ಗೆರೆ ಉಳಿಯುತ್ತದೆ, ಅಕ್ಷರ ಚೆದುರುತ್ತದೆ: ವೆಕ್ಟರ್ ಫೈಲುಗಳ ನಲವತ್ತು ವರ್ಷ

ಕೋರಲ್‌ಡ್ರಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಮಾಡಿದ ಲಗ್ನಪತ್ರಿಕೆಯನ್ನು ಅದೇ ಬಗೆಯ ಇಲ್ಲಸ್ಟ್ರೇಟರಿಗೋ ಇಂಕ್‌ಸ್ಕೇಪಿಗೋ ಒಯ್ದರೆ ಅಂಚಿನ ಬಳ್ಳಿ, ಮೇಲಿನ ಗಣಪತಿ, ಎರಡು ಬದಿಯ ಬಾಳೆಕಂಬ ಹೆಚ್ಚುಕಡಿಮೆ ಇದ್ದ ಹಾಗೆಯೇ ಬರುತ್ತವೆ. ಕೆಡುವುದು ಉಳಿದದ್ದು. ವಧೂವರರ ಹೆಸರು ಇಂಗ್ಲಿಷ್ ಚಿಹ್ನೆಗಳ ರಾಶಿಯಾಗುತ್ತದೆ, ನೆರಳಿನ ಸುತ್ತ ಬಿಳಿ ಚೌಕ ಮೂಡುತ್ತದೆ, ನಯವಾಗಿ ಇಳಿಯುತ್ತಿದ್ದ ಬಣ್ಣ ಪಟ್ಟೆಪಟ್ಟೆಯಾಗುತ್ತದೆ. ಡಿಟಿಪಿ ಅಂಗಡಿಗಳಲ್ಲಿ ನಿತ್ಯ ಕೇಳಿಬರುವ ‘ಕರ್ವ್ ಮಾಡಿ ಕಳಿಸಿ’ (ಅಕ್ಷರವನ್ನು ಗೆರೆಯಾಗಿಸಿ ಕಳಿಸಿ), ‘ಡೌನ್ ವರ್ಷನ್‌ಗೆ ಸೇವ್ ಮಾಡಿಕೊಡಿ’ (ಹಳೆಯ ಆವೃತ್ತಿಗೆ ಹೊಂದುವಂತೆ ಉಳಿಸಿಕೊಡಿ) ಎಂಬ ಮಾತುಗಳ ಹಿಂದೆ ಇರುವುದು ಇದೇ ತೊಂದರೆ. ಹೀಗೇಕಾಗುತ್ತದೆ ಎಂಬುದಕ್ಕೆ ಉತ್ತರ ಅರ್ಧ ತಂತ್ರಜ್ಞಾನದಲ್ಲಿದೆ, ಇನ್ನರ್ಧ ವ್ಯಾಪಾರದ ಚರಿತ್ರೆಯಲ್ಲಿದೆ.

ವೆಕ್ಟರ್ ಚಿತ್ರವೆಂದರೆ ಚುಕ್ಕೆಗಳ ಬದಲು ಲೆಕ್ಕದಲ್ಲಿ ಬರೆದಿಟ್ಟ ಚಿತ್ರ. ಒಂದು ವಕ್ರರೇಖೆಗೆ ಎರಡು ತುದಿ, ಅದನ್ನು ಬಾಗಿಸುವ ಎರಡು ನಿಯಂತ್ರಣ ಬಿಂದು, ಇಷ್ಟಿದ್ದರೆ ಸಾಕು. ವಿಸಿಟಿಂಗ್ ಕಾರ್ಡಿಗೆ ಹಾಕಿದ ಲಾಂಛನವನ್ನೇ ಫ್ಲೆಕ್ಸಿಗೆ ಹಿಗ್ಗಿಸಿದರೂ ಅಂಚು ಒಡೆಯದಿರುವುದು ಇದರಿಂದ. ಈ ವಕ್ರರೇಖೆಯ ಗಣಿತ ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ ಬೆಳೆಯಿತು. ಸಿಟ್ರನ್‌ನ ಪಾಲ್ ದ ಕಾಸ್ಟೆಲ್‌ಜೊ ಅದನ್ನು ಮೊದಲೇ ಕಂಡುಕೊಂಡಿದ್ದರೂ ಕಂಪನಿ ಅದನ್ನು ಹೊರಗೆ ಬಿಡಲಿಲ್ಲ. 1960ರ ದಶಕದಲ್ಲಿ ರೆನೋದ ಪಿಯರ್ ಬೆಜಿಯೇ ಪ್ರಕಟಿಸಿದ್ದರಿಂದ ಅವರ ಹೆಸರೇ ನಿಂತಿತು.

ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕೆ ಜೆರಾಕ್ಸ್ ಬಿಟ್ಟು ಅಡೋಬಿ ಕಟ್ಟಿದ್ದು 1982ರಲ್ಲಿ. ಪುಟವೊಂದನ್ನು ಹೇಗೆ ಮುದ್ರಿಸಬೇಕೆಂದು ಮುದ್ರಣಯಂತ್ರಕ್ಕೆ ಹೇಳುವ ಭಾಷೆಯಾಗಿ ಅವರ ಪೋಸ್ಟ್‌ಸ್ಕ್ರಿಪ್ಟ್ 1984ರಲ್ಲಿ ಬಂತು, ಮರುವರ್ಷ ಆ್ಯಪಲ್‌ನ ಲೇಸರ್‌ರೈಟರ್ ಒಳಗೆ ಸೇರಿತು. ಅದರಲ್ಲಿ ಗೆರೆ ಎಳೆಯಲು ಮುಖ್ಯವಾಗಿ ಬೇಕಾದದ್ದು ಮೂರೇ ಆಜ್ಞೆ. ‘ಮೂವ್‌ಟು’ ಎಂದರೆ ಈ ಬಿಂದುವಿಗೆ ಹೋಗು, ‘ಲೈನ್‌ಟು’ ಎಂದರೆ ಅಲ್ಲಿಯವರೆಗೆ ನೇರ ಗೆರೆ ಎಳೆ, ‘ಕರ್ವ್‌ಟು’ ಎಂದರೆ ಬಾಗಿಸಿ ಎಳೆ. 1993ರ ಪಿಡಿಎಫ್‌ನಲ್ಲಿ ಈ ಮೂರೂ ಎಂ, ಎಲ್, ಸಿ ಎಂಬ ಒಂದೊಂದು ಅಕ್ಷರಕ್ಕೆ ಇಳಿದವು. ವೆಬ್‌ಗಾಗಿ ಬಂದ ಎಸ್‌ವಿಜಿ ಎಂಬ 2001ರ ತೆರೆದ ಫೈಲು ರೂಪದಲ್ಲಿಯೂ ಅವೇ ಎಂ, ಎಲ್, ಸಿ. ಹಾಗಾಗಿ ನಲವತ್ತು ವರ್ಷದಲ್ಲಿ ಗೆರೆಯ ವಿಷಯದಲ್ಲಿ ಜಗಳವೇ ಆಗಲಿಲ್ಲ ಎನ್ನಬಹುದು. ಜಗಳವೆಲ್ಲ ಗೆರೆಯ ಸುತ್ತಲಿನದರ ಬಗ್ಗೆ.

1987ರಲ್ಲಿ ಅಡೋಬಿಯ ಇಲ್ಲಸ್ಟ್ರೇಟರ್ ಬಂದಾಗ ಅದರ ಫೈಲೇ ಒಂದು ಬಗೆಯ ಪೋಸ್ಟ್‌ಸ್ಕ್ರಿಪ್ಟ್ ಆಗಿತ್ತು, ತೆರೆದು ಓದಬಹುದಾದ ಅಕ್ಷರರೂಪದ ಕಡತ. ಚಿತ್ರವನ್ನು ಪುಟವಿನ್ಯಾಸದೊಳಗೆ ಕೂರಿಸಲು ಇಪಿಎಸ್ ಎಂಬ ಪೋಸ್ಟ್‌ಸ್ಕ್ರಿಪ್ಟ್ ಫೈಲು ರೂಪ ಬಳಕೆಗೆ ಬಂತು. ಆದರೆ ಇಪಿಎಸ್‌ನ ಗುರಿ ಮುದ್ರಣ, ತಿದ್ದುಪಡಿಯಲ್ಲ. ಚಿತ್ರಕಾರನೊಬ್ಬ ವೃತ್ತ ಬರೆದಿರುತ್ತಾನೆ, ಅದರ ತ್ರಿಜ್ಯ ಇಷ್ಟು ಎಂಬುದು ಅವನ ತಂತ್ರಾಂಶಕ್ಕೆ ಗೊತ್ತು. ಬೇರೆ ರೂಪಕ್ಕೆ ರಫ್ತಾದ ಫೈಲಿನಲ್ಲಿ ಸಾಮಾನ್ಯವಾಗಿ ಸಿಗುವುದು ನಾಲ್ಕು ವಕ್ರರೇಖೆ. ಕಣ್ಣಿಗೆ ಅದು ವೃತ್ತವೇ, ಆದರೆ ಅದನ್ನು ತೆರೆದ ಇನ್ನೊಂದು ತಂತ್ರಾಂಶಕ್ಕೆ ಅದು ವೃತ್ತವಾಗಿತ್ತೆಂದು ತಿಳಿಯುವ ದಾರಿಯಿಲ್ಲ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ಚಿತ್ರದ ತೋರಿಕೆ ದಾಟುತ್ತದೆ, ಅದನ್ನು ಕಟ್ಟಿದ ರೀತಿ ಹಿಂದೆಯೇ ಉಳಿಯುತ್ತದೆ. ಆಮದು ರಫ್ತಿನ ಬಹುಪಾಲು ಕಷ್ಟಗಳ ಬುಡ ಇದೇ ಎಂದು ನನಗೆ ಅನ್ನಿಸುತ್ತದೆ.

ಪೈಪೋಟಿ ಈ ಅಂತರವನ್ನು ಹಿಗ್ಗಿಸಿತು. 1988ರಲ್ಲಿ ಆಲ್ಟ್‌ಸಿಸ್ ಕಂಪನಿ ರೂಪಿಸಿದ ಫ್ರೀಹ್ಯಾಂಡ್ ಎಂಬ ತಂತ್ರಾಂಶವನ್ನು ಆಲ್ಡಸ್ ಕಂಪನಿ ಮಾರುಕಟ್ಟೆಗೆ ತಂದಿತು. 1989ರ ಜನವರಿಯಲ್ಲಿ ಕೆನಡಾದ ಒಟ್ಟಾವಾದಿಂದ ಕೋರಲ್‌ಡ್ರಾ ಬಂತು, ಅದೂ ವಿಂಡೋಸ್‌ಗೆ. ನಮ್ಮ ಮುದ್ರಣಾಲಯಗಳಲ್ಲಿ ಇದ್ದದ್ದು ಬಹುಪಾಲು ವಿಂಡೋಸ್ ಕಂಪ್ಯೂಟರುಗಳೇ ಆದ್ದರಿಂದ ಇಲ್ಲಿ ಕೋರಲ್ ಬೇರೂರಿತು. ಪ್ರತಿ ಹೊಸ ಆವೃತ್ತಿಯನ್ನು ಮಾರಲು ಹೊಸದೊಂದು ಸೌಲಭ್ಯ ಬೇಕು: ಆಕಾರದೊಳಗೆ ಚಿತ್ರ ಕೂರಿಸುವ ಪವರ್‌ಕ್ಲಿಪ್, ಹರಿಯುವ ಬಣ್ಣ, ನೆರಳು, ಜಾಲರಿಯಂತೆ ಬಣ್ಣ ತುಂಬುವ ಮೆಶ್. ಇವುಗಳಲ್ಲಿ ಹಲವನ್ನು ಹೇಳಲು ಇಪಿಎಸ್‌ನಲ್ಲಿ ಪದವೇ ಇರಲಿಲ್ಲ. ಹಾಗಾಗಿ ರಫ್ತು ಮಾಡುವಾಗ ಹರಿಯುವ ಬಣ್ಣವನ್ನು ನೂರಾರು ಪಟ್ಟಿಗಳಾಗಿ ಸೀಳಬೇಕಾಯಿತು, ನೆರಳನ್ನು ಬಿಟ್‌ಮ್ಯಾಪ್, ಅಂದರೆ ಚುಕ್ಕೆಗಳ ಚಿತ್ರ, ಮಾಡಬೇಕಾಯಿತು. ಇನ್ನು ಕೋರಲ್‌ನ ಸಿಡಿಆರ್ ಫೈಲಿನ ಒಳರಚನೆಯನ್ನು ಕಂಪನಿ ಹೊರಗೆಡಹಲೇ ಇಲ್ಲ. ಹೊಸ ಕೋರಲ್‌ನಲ್ಲಿ ಉಳಿಸಿದ ಫೈಲನ್ನು ಹಳೆಯ ಕೋರಲ್ಲೇ ತೆರೆಯುವುದಿಲ್ಲ, ಇನ್ನು ಬೇರೆಯವರ ಪಾಡೇನು.

ವಿಂಡೋಸ್‌ನ ಸ್ವಂತ ಫೈಲು ರೂಪವಾದ ಡಬ್ಲ್ಯುಎಂಎಫ್ ಒಂದು ಕಾಲಕ್ಕೆ ಕ್ಲಿಪ್‌ಆರ್ಟ್ ಎಂಬ ಸಿದ್ಧಚಿತ್ರಗಳ ಮನೆಯಾಗಿತ್ತು. ಅದರಲ್ಲಿ ಬೆಜಿಯೇ ವಕ್ರರೇಖೆಗೆ ಜಾಗವಿರಲಿಲ್ಲ, ಹಾಗಾಗಿ ದುಂಡನೆಯ ಕೆನ್ನೆ ತುಂಡುತುಂಡು ನೇರ ಗೆರೆಗಳಾಗುತ್ತಿತ್ತು. ಆ ಕೊರತೆ ನೀಗಿದ್ದು ಮುಂದೆ ಬಂದ ಇಎಂಎಫ್‌ನಲ್ಲಿ.

ಫ್ರೀಹ್ಯಾಂಡ್ ಬಳಸುತ್ತಿದ್ದವರ ಕತೆ ಎಲ್ಲಕ್ಕಿಂತ ನೋವಿನದು. 1994ರಲ್ಲಿ ಅಡೋಬಿ ಆಲ್ಡಸ್ ಅನ್ನು ಕೊಂಡಾಗ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅಡ್ಡ ಬಂತು: ಇಲ್ಲಸ್ಟ್ರೇಟರ್ ಮತ್ತು ಫ್ರೀಹ್ಯಾಂಡ್ ಎರಡೂ ಒಂದೇ ಕೈಯಲ್ಲಿರಬಾರದು ಎಂದಿತು. ಫ್ರೀಹ್ಯಾಂಡ್ ಮತ್ತೆ ಆಲ್ಟ್‌ಸಿಸ್‌ಗೆ ಹೋಗಿ, ಅಲ್ಲಿಂದ ಮ್ಯಾಕ್ರೋಮೀಡಿಯಾ ಸೇರಿತು. ಹನ್ನೊಂದು ವರ್ಷದ ಬಳಿಕ, 2005ರಲ್ಲಿ, ಅಡೋಬಿ ಮ್ಯಾಕ್ರೋಮೀಡಿಯಾವನ್ನೇ ಕೊಂಡಿತು. 2007ರಲ್ಲಿ ಫ್ರೀಹ್ಯಾಂಡ್‌ಗೆ ಇನ್ನು ಹೊಸ ಆವೃತ್ತಿ ಇಲ್ಲವೆಂಬ ಘೋಷಣೆ ಹೊರಬಿತ್ತು. ಬಳಕೆದಾರರು 2011ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು, ಮೊಕದ್ದಮೆ ರಾಜಿಯಲ್ಲಿ ಮುಗಿಯಿತು, ತಂತ್ರಾಂಶ ಮಾತ್ರ ಮರಳಲಿಲ್ಲ. ಮುಚ್ಚಿದ ಫೈಲಿನಲ್ಲಿ ಬದುಕಿನ ಕೆಲಸವನ್ನು ಇಟ್ಟವರಿಗೆ ಅದರ ಬೀಗದ ಕೈ ಬೇರೆಯವರ ಬಳಿ ಇರುತ್ತದೆ. ಇದು ನ್ಯಾಯವಲ್ಲ. ಕಂಪನಿಗೆ ತಂತ್ರಾಂಶ ನಿಲ್ಲಿಸುವ ಹಕ್ಕಿದೆ ನಿಜ, ಆದರೆ ನಿಲ್ಲಿಸುವ ದಿನ ಫೈಲಿನ ರಚನೆಯನ್ನಾದರೂ ಪ್ರಕಟಿಸಬೇಕು.

ಇಲ್ಲಸ್ಟ್ರೇಟರ್‌ನ ಫೈಲೂ ಈ ನಡುವೆ ಬದಲಾಗಿತ್ತು. 2000ದಲ್ಲಿ ಬಂದ ಒಂಬತ್ತನೆಯ ಆವೃತ್ತಿ ಪಾರದರ್ಶಕತೆಯನ್ನು ತಂದಿತು, ಇಪಿಎಸ್‌ಗೆ ಅದು ಗೊತ್ತಿಲ್ಲ. ಆಗಿನಿಂದ ಎಐ ಫೈಲು, ಅಂದರೆ ಇಲ್ಲಸ್ಟ್ರೇಟರ್‌ನ ಸ್ವಂತ ಫೈಲು, ಎಂದರೆ ಹೊರಗೊಂದು ಪಿಡಿಎಫ್, ಅದರ ಹೊಟ್ಟೆಯಲ್ಲಿ ಇಲ್ಲಸ್ಟ್ರೇಟರ್ ಮಾತ್ರ ಓದಬಲ್ಲ ಖಾಸಗಿ ಮಾಹಿತಿ. ಇತರ ತಂತ್ರಾಂಶಗಳು ‘ಎಐ ತೆರೆಯುತ್ತೇವೆ’ ಎಂದರೆ ಸಾಮಾನ್ಯವಾಗಿ ತೆರೆಯುವುದು ಆ ಪಿಡಿಎಫ್ ಭಾಗವನ್ನು. ಉಳಿಸುವಾಗ ಪಿಡಿಎಫ್ ಹೊಂದಾಣಿಕೆಯ ಗುರುತನ್ನು ತೆಗೆದುಬಿಟ್ಟಿದ್ದರೆ, ಚಿತ್ರದ ಬದಲು ‘ಈ ಫೈಲನ್ನು ಪಿಡಿಎಫ್ ಇಲ್ಲದೆ ಉಳಿಸಲಾಗಿದೆ’ ಎಂಬ ಒಕ್ಕಣೆಯ ಪುಟವಷ್ಟೇ ಕಾಣುತ್ತದೆ. ಫೈಲು ಕೆಟ್ಟಿತೆಂದು ಗಾಬರಿಯಾಗುವವರು ಬಹಳ. ಕೆಟ್ಟಿರುವುದಿಲ್ಲ. ಕಳಿಸಿದವರು ಆ ಗುರುತು ಹಾಕಿ ಮತ್ತೆ ಉಳಿಸಿದರೆ ಸಾಕು.

ಇಪಿಎಸ್ ಮಾತ್ರ ಹಿಂದೆ ಸರಿಯುತ್ತ ಬಂತು. ಅದು ಬರಿಯ ಚಿತ್ರವಲ್ಲ, ಓಡಿಸಬೇಕಾದ ಪ್ರೋಗ್ರಾಮ್. ಅದರೊಳಗೆ ಕಂಪ್ಯೂಟರಿಗೆ ಕೇಡು ಮಾಡುವ ಆಜ್ಞೆಗಳನ್ನು ಅಡಗಿಸಬಹುದೆಂಬ ಕಾರಣಕ್ಕೆ ಮೈಕ್ರೋಸಾಫ್ಟ್ 2017ರಲ್ಲಿ ಆಫೀಸ್‌ನಲ್ಲಿ ಇಪಿಎಸ್ ಸೇರಿಸುವುದನ್ನೇ ನಿಲ್ಲಿಸಿತು.

ಎಲ್ಲರಿಗೂ ಒಂದೇ ರೂಪ ಬೇಕೆಂಬ ಒತ್ತಾಯಕ್ಕೆ ಬಲ ಬಂದದ್ದು ವೆಬ್‌ನಿಂದ. 1998ರಲ್ಲಿ ಅಡೋಬಿ, ಐಬಿಎಂ, ನೆಟ್‌ಸ್ಕೇಪ್, ಸನ್ ಸೇರಿ ಪಿಜಿಎಂಎಲ್ ಎಂಬ ಪ್ರಸ್ತಾವ ಮುಂದಿಟ್ಟವು. ಮೈಕ್ರೋಸಾಫ್ಟ್ ಮತ್ತು ಜೊತೆಗಾರರು ವಿಎಂಎಲ್ ತಂದರು. ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಯಾರ ಕಡೆಗೂ ವಾಲದೆ ಹೊಸದನ್ನೇ ಕಟ್ಟಿತು. ಎಸ್‌ವಿಜಿ 1.0 ಅಧಿಕೃತವಾದದ್ದು 2001ರ ಸೆಪ್ಟೆಂಬರ್ 4ರಂದು. ನೋಟ್‌ಪ್ಯಾಡಿನಲ್ಲಿಯೂ ತೆರೆದು ಓದಬಹುದಾದ, ಯಾರ ಅಪ್ಪಣೆಯೂ ಬೇಡದ ಫೈಲು. ಇದನ್ನೇ ಮೂಲರೂಪವಾಗಿ ಇಟ್ಟುಕೊಂಡ ಇಂಕ್‌ಸ್ಕೇಪ್ 2003ರಲ್ಲಿ ಸೋಡಿಪೋಡಿ ಎಂಬ ಮುಕ್ತ ತಂತ್ರಾಂಶದಿಂದ ಕವಲೊಡೆಯಿತು.

ತೆರೆದ ರೂಪ ಬಂದ ಮಾತ್ರಕ್ಕೆ ತೊಡಕು ತೀರಲಿಲ್ಲ. ಅಳತೆಯನ್ನೇ ನೋಡಿ. ಹಳೆಯ ಇಂಕ್‌ಸ್ಕೇಪ್ ಒಂದು ಇಂಚಿಗೆ 90 ಪಿಕ್ಸೆಲ್ ಎಂದು ಲೆಕ್ಕ ಹಿಡಿಯುತ್ತಿತ್ತು, ಇಲ್ಲಸ್ಟ್ರೇಟರ್ 72 ಎನ್ನುತ್ತಿತ್ತು, ವೆಬ್‌ನ ನಿಯಮ 96 ಎಂದಿತು. 2017ರ 0.92 ಆವೃತ್ತಿಯಲ್ಲಿ ಇಂಕ್‌ಸ್ಕೇಪೂ 96ಕ್ಕೆ ಬಂತು. ಫೈಲಿನಲ್ಲಿ ಬರಿಯ ಪಿಕ್ಸೆಲ್ ಲೆಕ್ಕವಿದ್ದರೆ, ಹಳೆಯ ಇಂಕ್‌ಸ್ಕೇಪಿನಲ್ಲಿ ಹತ್ತು ಇಂಚು ಅಗಲವಿದ್ದ ನಾಮಫಲಕ 900 ಪಿಕ್ಸೆಲ್. ಅದೇ ಫಲಕ 96ರ ಲೆಕ್ಕದಲ್ಲಿ 9.375 ಇಂಚಿಗೆ ಕುಗ್ಗುತ್ತದೆ, 72ರ ಲೆಕ್ಕದಲ್ಲಿ 12.5 ಇಂಚಿಗೆ ಹಿಗ್ಗುತ್ತದೆ. ಪರದೆಯ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಲೇಸರ್ ಯಂತ್ರ ಅಕ್ರಿಲಿಕ್ ಹಾಳೆ ಕತ್ತರಿಸಿದ ಮೇಲೆ ಗೊತ್ತಾಗುತ್ತದೆ, ಆಗ ಹಾಳೆಯ ದುಡ್ಡು ಹೋಗಿರುತ್ತದೆ.

ಆತುರದಿಂದ ಆದ ತೊಡಕೂ ಉಂಟು. ಚೌಕಟ್ಟಿನೊಳಗೆ ತಾನಾಗಿ ಸಾಲು ಮುರಿಯುವ ಪಠ್ಯಕ್ಕಾಗಿ ಇಂಕ್‌ಸ್ಕೇಪ್ ಎಸ್‌ವಿಜಿ 1.2ರ ಕರಡನ್ನು ನೆಚ್ಚಿತು. ಆ ಕರಡು ಅಂತಿಮವಾಗಲೇ ಇಲ್ಲ. ಪರಿಣಾಮವಾಗಿ ಇಂಕ್‌ಸ್ಕೇಪಿನಲ್ಲಿ ಚೆಂದವಾಗಿ ಕಾಣುತ್ತಿದ್ದ ಪ್ಯಾರಾ ಬೇರೆಡೆ ಕಪ್ಪು ಪೆಟ್ಟಿಗೆಯಾಗಿ ಕಾಣುತ್ತಿತ್ತು. ಮೆಶ್ ಬಣ್ಣಕ್ಕೂ ಇದೇ ಗತಿ: ಎಸ್‌ವಿಜಿ 2ರಲ್ಲಿ ಬರುತ್ತದೆಂದು ಇಂಕ್‌ಸ್ಕೇಪ್ ಅಳವಡಿಸಿಕೊಂಡಿತು, ಕೊನೆಗೆ ಅದನ್ನು ಎಸ್‌ವಿಜಿ 2ರಿಂದ ಕೈಬಿಡಲಾಯಿತು.

ಕನ್ನಡಕ್ಕೆ ಬಂದರೆ ಗಾಯ ಇನ್ನೂ ಆಳ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ನುಡಿ, ಬರಹದಂಥ ತಂತ್ರಾಂಶಗಳ ಫಾಂಟುಗಳು ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ‘ಕನ್ನಡ’ ಎಂಬ ಮೂರಕ್ಷರ ಆ ಲೆಕ್ಕದಲ್ಲಿ ಏಳು ತುಣುಕು. ಕಕಾರದ ಒಡಲಿಗೆ ಇಂಗ್ಲಿಷಿನ ದೊಡ್ಡ ಪಿ, ನಕಾರದ ಒಡಲಿಗೆ ಪೌಂಡ್ ಚಿಹ್ನೆ, ನಕಾರದ ಒತ್ತಿಗೆ ಜರ್ಮನ್ನಿನ ಜೋಡಿ ಎಸ್, ಮೂರು ತಲೆಕಟ್ಟಿಗೂ ಮೇಲೆ ಗೀಟಿರುವ ಎ, ಹೀಗೆ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡ, ಇಲ್ಲದ ಕಡೆ ಆ ಏಳು ಚಿಹ್ನೆಗಳೇ. ಈ ಭಯದಿಂದಲೇ ಕೋರಲ್‌ನಲ್ಲಿ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರವನ್ನೆಲ್ಲ ಗೆರೆಯಾಗಿಸಿ ಕಳಿಸುವುದು ವಾಡಿಕೆಯಾಯಿತು. ಗೆರೆ ಎಲ್ಲಿಯೂ ಕೆಡುವುದಿಲ್ಲವೆಂಬುದು ಕೆಲಸಗಾರರಿಗೆ ಅನುಭವದಿಂದ ಗೊತ್ತಿತ್ತು. ಆದರೆ ಮುಹೂರ್ತದ ವೇಳೆಯಲ್ಲಿ ಒಂದಂಕಿ ತಪ್ಪಿದ್ದರೆ ಆ ಫೈಲಿನಲ್ಲಿ ತಿದ್ದಲು ಅಕ್ಷರವೇ ಇರುವುದಿಲ್ಲ.

ಯೂನಿಕೋಡ್ ಈ ಗೊಂದಲದ ಒಂದು ಪಾಲನ್ನು ಕಳೆಯಿತು. ಎಸ್‌ವಿಜಿಯಲ್ಲಿ ಕನ್ನಡ ಕನ್ನಡವಾಗಿಯೇ ಇರುತ್ತದೆ, ಫಾಂಟ್ ಸಿಗದಿದ್ದರೆ ಬೇರೆ ಕನ್ನಡ ಫಾಂಟಿನಲ್ಲಾದರೂ ಓದಲು ಬರುತ್ತದೆ. ಪಿಡಿಎಫ್ ಹಾಗಲ್ಲ. ಅದು ಇಡುವುದು ಫಾಂಟಿನೊಳಗಿನ ಆಕೃತಿಯ ಸಂಖ್ಯೆಯನ್ನು. ಒತ್ತಕ್ಷರಗಳಿಗೆ ಯೂನಿಕೋಡ್‌ನಲ್ಲಿ ಪ್ರತ್ಯೇಕ ಸಂಕೇತವಿಲ್ಲವಾದ್ದರಿಂದ ಪಿಡಿಎಫ್ ಅನ್ನು ಆಮದು ಮಾಡಿಕೊಂಡಾಗ ಒತ್ತು, ಕೊಂಬು, ದೀರ್ಘ ಸ್ಥಾನಪಲ್ಲಟವಾಗುತ್ತವೆ. ಪಿಡಿಎಫ್‌ನಿಂದ ಕನ್ನಡ ಪಠ್ಯವನ್ನು ತಿದ್ದುವ ಆಸೆ ಬಿಡುವುದೇ ಲೇಸು. ತೆರೆಯುವಾಗ ಅಕ್ಷರವನ್ನು ಗೆರೆಯಾಗಿ ತೆಗೆದುಕೊಂಡು, ಪಠ್ಯವನ್ನು ಬೇರೆಯಾಗಿ ತರಿಸಿಕೊಳ್ಳಬೇಕು.

ಮುಚ್ಚಿದ ಹಳೆಯ ಫೈಲುಗಳನ್ನು ಬಿಡಿಸುವ ಕೆಲಸವೂ ನಡೆದಿದೆ. ಸ್ವಯಂಪ್ರೇರಿತ ತಂತ್ರಜ್ಞರು ಸಿಡಿಆರ್‌ನ ಒಳರಚನೆಯನ್ನು ಬೈಟ್ ಬೈಟ್ ಕೆದಕಿ ಅರ್ಥಮಾಡಿಕೊಂಡ ಫಲವಾಗಿ 2012ರಲ್ಲಿ ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶದ 3.6 ಆವೃತ್ತಿಗೆ ಕೋರಲ್ ಫೈಲು ತೆರೆಯಲು ಬಂತು. ಇಂಥವರೆಲ್ಲ 2014ರಲ್ಲಿ ಡಾಕ್ಯುಮೆಂಟ್ ಲಿಬರೇಷನ್ ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ಒಂದುಗೂಡಿದರು. ಫ್ರೀಹ್ಯಾಂಡ್ ಫೈಲುಗಳೂ ಬಿಡುಗಡೆಯಾದವು, ನಮ್ಮ ಮುದ್ರಣಾಲಯಗಳು ವರ್ಷಗಟ್ಟಲೆ ನೆಚ್ಚಿದ್ದ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್‌ನದೂ ಆದವು. ಹಳೆಯ ಸ್ಮರಣ ಸಂಚಿಕೆ, ಭಿತ್ತಿಪತ್ರಗಳ ಮೂಲ ಫೈಲುಗಳು ಯಾರಲ್ಲಾದರೂ ಸಿಡಿಗಳಲ್ಲಿ ಉಳಿದಿದ್ದರೆ ತೆರೆದು ನೋಡುವುದು ಒಳ್ಳೆಯದು. ಅಕ್ಷರ ಅಕ್ಷರವಾಗಿಯೇ ಉಳಿದಿರುವ ಫೈಲಿನಿಂದ ಪಠ್ಯವನ್ನು ಎತ್ತಿ, ಆಸ್ಕಿಯಿಂದ (ಮೇಲೆ ಹೇಳಿದ ಹಳೆಯ ಫಾಂಟುಗಳ ಲೆಕ್ಕದಿಂದ) ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಸಲಕರಣೆಗಳಿಗೆ ಕೊಟ್ಟರೆ ಕನ್ನಡ ಬಹುಮಟ್ಟಿಗೆ ಮರಳಿ ಸಿಗುತ್ತದೆ. ಕರ್ವ್ ಮಾಡಿಟ್ಟವುಗಳನ್ನು ಪರದೆಯ ಮೇಲೆ ಓದಿಕೊಂಡು ಮತ್ತೆ ಟೈಪ್ ಮಾಡಬೇಕು.