ಹೋಟೆಲಿನ ಹೂವು ಅದರ ತೋಟದಲ್ಲೇ ಬೆಳೆದರೆ

ಮದುವೆ ಬುಕ್ ಮಾಡಲು ಬಂದವರು ಮೊದಲು ಫೋನ್ ತೆಗೆದು ಒಂದು ಫೋಟೊ ತೋರಿಸುತ್ತಾರೆ. ಇದೇ ಹೂವು ಬೇಕು ಅನ್ನುತ್ತಾರೆ. ಹೂವು ಮಾರುಕಟ್ಟೆಯಿಂದ ಬರುವುದಾದರೆ ಸುಮ್ನೆ ಹೂಂ ಅನ್ನಬಹುದು. ಆದರೆ ಊರಾಚೆಯ ಹೋಟೆಲಿನಲ್ಲಿ, ಅದರ ತೋಟದಲ್ಲೇ ಬೆಳೆದ ಹೂವಿನಿಂದ ಅಲಂಕಾರ ಮಾಡುವಾಗ ನಾನು ಬಣ್ಣಕ್ಕೆ ಮಾತು ಕೊಡುತ್ತೇನೆ, ಹೂವಿನ ಹೆಸರಿಗೆ ಕೊಡುವುದಿಲ್ಲ. ತಿಳಿ ಕಿತ್ತಳೆ, ಕೆನೆ ಬಣ್ಣ, ನಡುವೆ ಸ್ವಲ್ಪ ಕಡುಗೆಂಪು ಎಂದು ಒಪ್ಪಿಕೊಂಡರೆ ಆ ವಾರ ಡೇರೆ ಹೂವು (ಡೇಲಿಯಾ) ಕೈಕೊಟ್ಟರೂ ಜಿನಿಯಾ ಇರುತ್ತದೆ. ಡೇರೆಯೇ ಆಗಬೇಕು ಅಂದರೆ ಹಿಂದಿನ ರಾತ್ರಿ ಒಂದು ಜೋರು ಮಳೆ ಬಂದರೆ ಸಾಕು, ಕಥೆ ಮುಗಿಯಿತು.

ಹೂ ಜೋಡಿಸುವುದರಲ್ಲೇ ಎಲ್ಲ ಜಾಣ್ಮೆ ಇದೆ ಎಂದು ಜನ ಅಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಮುಕ್ಕಾಲು ಕೆಲಸ ಕತ್ತರಿ ಹಿಡಿದು ಪಾತಿಯಲ್ಲಿ ನಿಂತಾಗಲೇ ಮುಗಿದಿರುತ್ತದೆ. ಕೊಯ್ಯುವುದು ಬಿಸಿಲೇರುವ ಮೊದಲು. ರಾತ್ರಿಯಿಡೀ ನೀರು ಕುಡಿದ ದಂಟು ಆಗ ಬಿಗಿಯಾಗಿರುತ್ತದೆ. ಬೆಳಿಗ್ಗೆ ತಪ್ಪಿದರೆ ಸಂಜೆ ತಂಪಾದ ಮೇಲೆ. ಮಧ್ಯಾಹ್ನ ಕೊಯ್ದ ಹೂವು ಅಡಿಗೆಮನೆ ಬಾಗಿಲು ದಾಟುವಷ್ಟರಲ್ಲಿ ತಲೆ ಬಾಗಿಸಿರುತ್ತದೆ.

ಒಂದೊಂದು ಹೂವಿಗೂ ಅದರದೇ ಹದ. ಗುಲಾಬಿಯ ಹೊರಗಿನ ಒಂದೆರಡು ಎಸಳು ಸಡಿಲವಾದಾಗ ಕೊಯ್ದರೆ ಉಳಿದದ್ದು ಹೂದಾನಿಯಲ್ಲಿ ಬಿರಿಯುತ್ತದೆ. ಗ್ಲಾಡಿಯೋಲಸ್‌ನ ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರಿದರೆ ಸಾಕು, ಮೇಲಿನವು ಒಂದರ ಹಿಂದೊಂದು ಅರಳುತ್ತವೆ. ಡೇರೆ ಹಾಗಲ್ಲ. ಮೊಗ್ಗಿನಲ್ಲಿ ಕೊಯ್ದರೆ ಅದು ಹಾಗೇ ಮುರುಟಿ ಕೂರುತ್ತದೆ. ಹೆಚ್ಚುಕಡಿಮೆ ಪೂರ್ತಿ ಅರಳಿದ್ದನ್ನೇ ಆರಿಸಬೇಕು, ಆದರೆ ಮುಂದಿನಿಂದ ನೋಡಿ ಮೋಸಹೋಗಬಾರದು. ಹೂವನ್ನು ತಿರುಗಿಸಿ ಬೆನ್ನು ನೋಡಿ. ಹಿಂದಿನ ಎಸಳು ಮೆತ್ತಗಾಗಿದ್ದರೆ, ಅಂಚು ಕಂದಿದ್ದರೆ ಅದಕ್ಕೆ ವಯಸ್ಸಾಗಿದೆ, ಗಿಡದಲ್ಲೇ ಇರಲಿ.

ಜಿನಿಯಾ ನೋಡಿ ಹೇಳಲಾಗದು, ಮುಟ್ಟಿ ತಿಳಿಯಬೇಕು. ಹೂವಿನಿಂದ ಒಂದು ಗೇಣು ಕೆಳಗೆ ದಂಟು ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕತ್ತು ತೂಗಾಡಿದರೆ ಇನ್ನೂ ಎಳಸು. ದಂಟು ಕಡ್ಡಿಯಂತೆ ನೆಟ್ಟಗೆ ನಿಂತರೆ ಕೊಯ್ಯಿರಿ. ಹೊಸಬರಿಗೆ ನಾನು ಮೊದಲು ಕಲಿಸುವುದೇ ಇದನ್ನು.

ಬಕೆಟ್ ಪಾತಿಯ ಹತ್ತಿರಕ್ಕೇ ಬರಬೇಕು. ಕೊಯ್ದ ಕೂಡಲೇ ನೀರಿಗೆ. ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ತೆಗೆದುಬಿಡಿ, ಅವು ಕೊಳೆತರೆ ಬ್ಯಾಕ್ಟೀರಿಯಾ ಬೆಳೆದು ದಂಟಿನ ನೀರಿನ ನಾಳಗಳು ಕಟ್ಟಿಕೊಳ್ಳುತ್ತವೆ. ಹೂವು ಬೇಗ ಬಾಡಿತು ಎಂದು ದೂರುವವರ ಬಕೆಟ್ ಒಳಗೆ ಕೈಯಾಡಿಸಿ ನೋಡಿ, ಲೋಳೆ ಸಿಗುತ್ತದೆ. ಆಮೇಲೆ ತಂಪಾದ ಕತ್ತಲ ಕೋಣೆಯಲ್ಲಿ ಕೆಲವು ಗಂಟೆ, ಸಾಧ್ಯವಾದರೆ ಒಂದು ರಾತ್ರಿ, ವಿಶ್ರಾಂತಿ. ಡ್ಯಾಫೊಡಿಲ್ ಇದ್ದರೆ ಅದಕ್ಕೆ ಬೇರೆ ಬಕೆಟ್. ಅದರ ಲೋಳೆರಸ ಪಕ್ಕದ ಹೂಗಳನ್ನು ಕೆಡಿಸುತ್ತದೆ. ಹೈಡ್ರೇಂಜಿಯಾ ಸೊರಗಿದರೆ ತಲೆಯನ್ನೇ ನೀರಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಡಿ, ಎಸಳಿನಿಂದಲೂ ನೀರು ಹೀರಿ ಎದ್ದು ಕೂರುತ್ತದೆ.

ಅತಿಥಿಗಳು ಓಡಾಡುವ ಮುಂದಿನ ತೋಟಕ್ಕೆ ಕತ್ತರಿ ಹಾಕಬೇಡಿ. ಮಾಲಿಯೊಡನೆ ಜಗಳ ಗ್ಯಾರಂಟಿ. ಕೊಯ್ಯಲೆಂದೇ ಹಿಂದೆ ಬೇರೆ ಪಾತಿ ಬೇಕು. ಅಲ್ಲಿ ಜಿನಿಯಾ, ಕಾಸ್ಮಾಸ್, ಸೂರ್ಯಕಾಂತಿ ಬೀಜವನ್ನು ಒಟ್ಟಿಗೆ ಬಿತ್ತದೆ ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತಿ. ಜಿನಿಯಾ, ಕಾಸ್ಮಾಸ್ ಸಸಿ ಗೇಣುದ್ದ ಆದಾಗ ಕುಡಿ ಚಿವುಟಬೇಕು. ಚೆನ್ನಾಗಿ ಏಳುತ್ತಿರುವ ಗಿಡದ ತಲೆ ಚಿವುಟಲು ಯಾರಿಗೂ ಮನಸ್ಸು ಬರುವುದಿಲ್ಲ, ನನಗೂ ಕಷ್ಟವೇ. ಆದರೆ ಚಿವುಟಿದ ಗಿಡ ಕವಲೊಡೆದು ಉದ್ದ ದಂಟಿನ ಹೂವು ಜಾಸ್ತಿ ಕೊಡುತ್ತದೆ. ಒಂಟಿ ದಂಟಿನ ಸೂರ್ಯಕಾಂತಿಯನ್ನು ಮಾತ್ರ ಚಿವುಟಬೇಡಿ, ಅದಕ್ಕಿರುವುದು ಒಂದೇ ಹೂವು.

ಎಲ್ಲಿ ಏನಿಡಬೇಕು ಎಂಬುದರಲ್ಲಿ ನಾನು ಸ್ವಲ್ಪ ಹಟಮಾರಿ. ಊಟದ ಮೇಜಿಗೆ ಸುಗಂಧರಾಜ ಬೇಡ, ಊಟದ ಪರಿಮಳವನ್ನೇ ಮುಚ್ಚಿಬಿಡುತ್ತದೆ. ಎದುರು ಕೂತವರ ಮುಖ ಮರೆಮಾಡುವ ಎತ್ತರವೂ ಬೇಡ. ಕಣಗಿಲೆ, ಫಾಕ್ಸ್‌ಗ್ಲೋವ್ ವಿಷದ ಗಿಡಗಳು, ತಿನ್ನುವ ಜಾಗದ ಹತ್ತಿರ ಬರಲೇಬಾರದು. ಲಿಲ್ಲಿ ಅರಳುತ್ತಿದ್ದಂತೆ ಒಳಗಿನ ಪರಾಗದ ತಲೆಗಳನ್ನು ಕಿತ್ತು ಹಾಕಿ, ಇಲ್ಲವಾದರೆ ಮೇಜುಬಟ್ಟೆಗೆ ಹೋಗದ ಕಲೆ. ಇನ್ನು ಹಣ್ಣಿನ ಬುಟ್ಟಿ. ಹೋಟೆಲಿನವರಿಗೆ ಹೂವಿನ ಪಕ್ಕ ಅದನ್ನು ಇಡುವುದು ಬಲು ಇಷ್ಟ. ಮಾಗುವ ಸೇಬು, ಬಾಳೆಹಣ್ಣು ಎಥಿಲೀನ್ ಅನಿಲ ಬಿಡುತ್ತವೆ, ಕಾರ್ನೇಷನ್‌ನಂಥ ಹೂಗಳು ಅದಕ್ಕೆ ಬೇಗ ಮುದುಡುತ್ತವೆ.

ದಂಟು ನಿಲ್ಲಿಸಲು ಹಸಿರು ಫೋಮ್ ನಾನು ಬಳಸುವುದಿಲ್ಲ. ಅದು ಪ್ಲಾಸ್ಟಿಕ್, ಪುಡಿಯಾಗಿ ಮಣ್ಣು ನೀರಿಗೆ ಸೇರುತ್ತದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಅದನ್ನು ನಿಷೇಧಿಸಿದೆ. ಕೋಳಿಗೂಡಿಗೆ ಹಾಕುವ ತಂತಿ ಬಲೆಯನ್ನು ಉಂಡೆ ಮಾಡಿ ಹೂದಾನಿಯೊಳಗೆ ತುರುಕಿದರೆ ಅದೇ ಕೆಲಸ ಆಗುತ್ತದೆ, ತೊಳೆದು ಮತ್ತೆ ಬಳಸಬಹುದು.

ಹೂವಿಲ್ಲದ ತಿಂಗಳುಗಳು ಬಂದೇ ಬರುತ್ತವೆ. ಆಗ ಬೀಜಗಟ್ಟಿದ ಒಣ ತಲೆಗಳು, ಹುಲ್ಲಿನ ತೆನೆ, ಬರಿಯ ಕೊಂಬೆ. ಸ್ವಾಗತದ ಮೇಜಿಗೆ ಇವನ್ನೇ ದೊಡ್ಡದಾಗಿ ಒಂದು ಕಡೆ ಇಟ್ಟು, ಕೋಣೆಗಳಿಗೆ ಸಣ್ಣ ಬಾಟಲಿಯಲ್ಲಿ ಒಂದೇ ಒಂದು ಚಿಗುರು ಇಟ್ಟರೆ ಸಾಕು. ಎಲ್ಲ ಕೋಣೆಗೂ ತುಂಬಿದ ಹೂದಾನಿ ಬೇಕೇ ಬೇಕು ಎಂದು ಮ್ಯಾನೇಜರ್ ಪಟ್ಟು ಹಿಡಿದರೆ ವಾದ ಮಾಡಬೇಡಿ. ಹಿಂದಿನ ಪಾತಿಗೆ ಕರೆದುಕೊಂಡು ಹೋಗಿ, ನೀವೇ ಆರಿಸಿ ಎಂದು ಕತ್ತರಿ ಅವರ ಕೈಗೇ ಕೊಡಿ.