ಕಂಟ್ರೋಲ್ ಗ್ರೂಪ್ ಬೇಕೇ ಬೇಕಾ, ಸರ್?

ಪ್ರಶ್ನೆ: ಸರ್, ಎಂ.ಪಿ.ಎಡ್. (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಡಿಸರ್ಟೇಶನ್‌ಗಾಗಿ ವಿರಾಜಪೇಟೆ ಹತ್ತಿರದ ಹೈಸ್ಕೂಲ್ ಹುಡುಗರಿಗೆ 12 ವಾರ ಪ್ಲೈಯೊಮೆಟ್ರಿಕ್ (ಜಿಗಿತದ ವ್ಯಾಯಾಮಗಳ) ತರಬೇತಿ ಕೊಡುತ್ತೇನೆ. ಮೊದಲು ಒಂದು ಟೆಸ್ಟ್, ಕೊನೆಗೊಂದು ಟೆಸ್ಟ್. ಟಿ-ಟೆಸ್ಟ್‌ನಲ್ಲಿ (ಎರಡು ಸರಾಸರಿಗಳನ್ನು ಹೋಲಿಸುವ ಲೆಕ್ಕ) ವ್ಯತ್ಯಾಸ ಬಂದರೆ ಸಾಕಲ್ವಾ? ಕಂಟ್ರೋಲ್ ಗ್ರೂಪ್ ಬೇಕೇ ಬೇಕಾ?

ಬೇಕು. ತರಬೇತಿ ಕೊಡದೆ, ಹೋಲಿಕೆಗೆಂದೇ ಇಡುವ ಗುಂಪಿಲ್ಲದೆ ಆಗುವುದಿಲ್ಲ. ಪ್ರತಿ ಬ್ಯಾಚಿನಲ್ಲೂ ಇದೇ ಪ್ರಶ್ನೆ. ಕ್ಲಾಸಿನಲ್ಲಿ ಹೇಳಿದ್ದನ್ನು ಡೇಟಾ ತೆಗೆದುಕೊಂಡ ಮೇಲೆ ಫೋನಿನಲ್ಲಿ ಮತ್ತೆ ಹೇಳಬೇಕು. ಆಗ ಹೇಳಿ ಪ್ರಯೋಜನವಿಲ್ಲ. ಅದಕ್ಕೇ ಈಗ ಬರೆದಿಡುತ್ತೇನೆ.

"ಮೊದಲಿಗಿಂತ ಈಗ ಚೆನ್ನಾಗಿ ಓಡುತ್ತಾರೆ, ಹಾಗಾದರೆ ತರಬೇತಿ ಫಲ ಕೊಟ್ಟಿದೆ." ಈ ನಂಬಿಕೆಯನ್ನು ಎಷ್ಟು ಕಿತ್ತರೂ ಮತ್ತೆ ಚಿಗುರುತ್ತದೆ. ನಮ್ಮ ಕೊಡಗು ಜಿಲ್ಲೆಯಲ್ಲಂತೂ ಈ ಲೆಕ್ಕ ಸರಿಹೋಗುವುದೇ ಇಲ್ಲ. ಆಗಸ್ಟ್‌ನಲ್ಲಿ ಪ್ರಿ-ಟೆಸ್ಟ್ ಮಾಡುತ್ತೀರಿ. ಮೈದಾನ ಪೂರ್ತಿ ಕೆಸರು. ಎರಡು ಗೆರೆಗಳ ನಡುವೆ ಓಡುವ ಶಟಲ್ ರನ್‌ನಲ್ಲಿ ತಿರುಗಬೇಕಾದ ಹುಡುಗ ಗೆರೆ ದಾಟಿ ಜಾರಿಹೋಗುತ್ತಾನೆ, ಕೈ ಊರಿ ಎದ್ದು ಓಡುತ್ತಾನೆ. ಪೋಸ್ಟ್-ಟೆಸ್ಟ್ ಹೊತ್ತಿಗೆ ನವೆಂಬರ್, ನಮ್ಮ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬಂದಿರುತ್ತದೆ, ನೆಲ ಗಟ್ಟಿಯಾಗಿರುತ್ತದೆ. ಸುಮ್ನೆ ಮನೆಯಲ್ಲಿ ಕೂತಿದ್ದವನೂ ಆಗ ಬೇಗ ಓಡುತ್ತಾನೆ.

ಮಳೆ ಬಿಡಿ, ವಯಸ್ಸು ನೋಡಿ. 13-14ರ ಹುಡುಗರು, ಸರಸರನೆ ಎತ್ತರ ಬೆಳೆಯುವ ಕಾಲ. ತರಬೇತಿ ಇಲ್ಲದೆಯೂ ಜಿಗಿತ ಸುಧಾರಿಸುತ್ತದೆ. ಟೆಸ್ಟ್ ಕೂಡ ರೂಢಿಯಾಗುತ್ತದೆ. ನಿಂತಲ್ಲಿಂದಲೇ ಮುಂದಕ್ಕೆ ಜಿಗಿಯುವ ಸ್ಟ್ಯಾಂಡಿಂಗ್ ಬ್ರಾಡ್ ಜಂಪ್‌ನಲ್ಲಿ ಮೊದಲ ಸಲ ಕೈ ಬೀಸುವುದೇ ಗೊತ್ತಿರುವುದಿಲ್ಲ, ಎರಡನೇ ಸಲ ಗೊತ್ತಿರುತ್ತದೆ.

ಆಮೇಲೆ ನಿಮ್ಮ ಹೆಬ್ಬೆರಳು. 100 ಮೀಟರ್ ಓಟದಲ್ಲಿ ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿ ಅಳೆದ ಸಮಯ ಎಲೆಕ್ಟ್ರಾನಿಕ್ ಸಮಯಕ್ಕಿಂತ ಸುಮಾರು 0.24 ಸೆಕೆಂಡ್ ಕಡಿಮೆ ಬರುತ್ತದೆ. ಓಟ ಶುರು ಮಾಡುವ ಪಿಸ್ತೂಲಿನ ಹೊಗೆ ಕಂಡು ಗುಂಡಿ ಒತ್ತುವಷ್ಟರಲ್ಲಿ ಓಟ ಶುರುವಾಗಿರುತ್ತದೆ. ಮೊದಲ ಟೆಸ್ಟ್‌ಗೆ ನೀವು, ಕೊನೆಯ ಟೆಸ್ಟ್‌ಗೆ ನಿಮ್ಮ ಗೆಳೆಯ ಸ್ಟಾಪ್‌ವಾಚ್ ಹಿಡಿದರೆ, ನೀವು ಹಿಗ್ಗುವ 0.2 ಸೆಕೆಂಡ್ ಪೂರ್ತಿ ಬೆರಳಿನದ್ದೇ ಇರಬಹುದು.

ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು ಇನ್ನೊಂದಿದೆ. ಪ್ರಿ-ಟೆಸ್ಟ್‌ನಲ್ಲಿ ಹಿಂದೆ ಬಿದ್ದವರನ್ನೇ ಆರಿಸಿ ತರಬೇತಿ ಕೊಡುತ್ತೀರಲ್ಲ, ಅವರಲ್ಲಿ ಕೆಲವರಿಗೆ ಅವತ್ತು ಜ್ವರ ಇತ್ತು, ಕೆಲವರು ತಿಂಡಿ ತಿಂದಿರಲಿಲ್ಲ. ಮುಂದಿನ ಸಲ ಅವರು ತಮ್ಮ ಮಾಮೂಲಿ ಮಟ್ಟಕ್ಕೆ ಬಂದೇ ಬರುತ್ತಾರೆ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ತಂದೆತಾಯಿ ಮತ್ತು ಮಕ್ಕಳ ಎತ್ತರ ಅಳೆದು, ತೀರಾ ಅಂಚಿನ ಅಳತೆಗಳು ಹೀಗೆ ಸರಾಸರಿಯ ಕಡೆ ಸರಿಯುವುದನ್ನು ತೋರಿಸಿದ್ದ.

ಟಿ-ಟೆಸ್ಟ್ ಇದ್ಯಾವುದನ್ನೂ ಕೇಳುವುದಿಲ್ಲ. ಇಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬರುವುದು ಅಪರೂಪವೋ ಅಲ್ಲವೋ, ಅಷ್ಟೇ ಅದರ ಉತ್ತರ. ಯಾಕೆ ಬಂತು ಅನ್ನುವುದು ಅದರ ಕೆಲಸವಲ್ಲ.

ಹಾಗಾಗಿ ಚೀಟಿ ಎತ್ತಿ ಎರಡು ಗುಂಪು ಮಾಡಿ. ಅದೇ ಮೈದಾನ, ಅದೇ ವಾರ, ಅದೇ ಬೆರಳು. ಕೊನೆಗೆ ಗುಂಪಿಗೆ ಗುಂಪನ್ನೇ ಹೋಲಿಸಿ. ಪ್ರಿ-ಟೆಸ್ಟ್ ಅಂಕಗಳನ್ನು ಲೆಕ್ಕಕ್ಕೆ ಹಿಡಿಯುವ ಆಂಕೋವಾ ಎಂಬ ಸಂಖ್ಯಾಶಾಸ್ತ್ರದ ವಿಧಾನ ಇರುವುದೇ ಇದಕ್ಕೆ. ಒಂದೊಂದು ಗುಂಪಿಗೂ ಬೇರೆ ಬೇರೆ ಟಿ-ಟೆಸ್ಟ್ ಮಾಡಿ "ಇಲ್ಲಿ ಸಿಗ್ನಿಫಿಕೆಂಟ್ (ಬರೀ ಆಕಸ್ಮಿಕ ಅನ್ನಲಾಗದಷ್ಟು ವ್ಯತ್ಯಾಸ), ಅಲ್ಲಿ ಅಲ್ಲ" ಅಂತ ಬರೆದರೆ ಅದು ಹೋಲಿಕೆ ಆಗುವುದಿಲ್ಲ. ಕಂಟ್ರೋಲ್ ಹುಡುಗರಿಗೆ ಅನ್ಯಾಯ ಅನ್ನಿಸಿದರೆ, ಪೋಸ್ಟ್-ಟೆಸ್ಟ್ ಮುಗಿದ ಮೇಲೆ ಅವರಿಗೂ ಅದೇ 12 ವಾರ ಕೊಡಿ. ಎರಡು ಗುಂಪೂ ಒಂದೇ ಥರ ಬಂದರೆ ಹಾಗೇ ಬರೆಯಿರಿ. ಹಾಗೆ ಬರೆದು ವೈವಾದಲ್ಲಿ ತಲೆ ಎತ್ತಿ ಉತ್ತರಿಸಿದ ವಿದ್ಯಾರ್ಥಿನಿಯ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ.

ಕೇಳದಿದ್ದರೂ ಒಂದು ಮಾತು, ಯಾಕಂದ್ರೆ ಇದು ನಿಮ್ಮ ಜೂನಿಯರ್‌ಗಳ ಮುಂದಿನ ಟಾಪಿಕ್: "ಕೊಡಗಿನ ಮಕ್ಕಳ ದಮ್ಮಿಗೆ ಬೆಟ್ಟದ ಎತ್ತರ ಕಾರಣವಾ?" ತೆಳು ಗಾಳಿಯಲ್ಲಿ ದಮ್ಮು ಹೆಚ್ಚಿಸಲೆಂದು ನಡೆಸುವ ಎತ್ತರದ ತರಬೇತಿ ಶಿಬಿರಗಳು ಸಾಮಾನ್ಯವಾಗಿ 2,000 ಮೀಟರ್ ಆಸುಪಾಸಿನಲ್ಲೋ ಅದಕ್ಕಿಂತ ಮೇಲೋ ಇರುತ್ತವೆ. 1968ರ ಒಲಿಂಪಿಕ್ಸ್ ನಡೆದ ಮೆಕ್ಸಿಕೋ ಸಿಟಿ ಸುಮಾರು 2,240 ಮೀಟರ್. ಮಡಿಕೇರಿ 1,100ಕ್ಕಿಂತ ಸ್ವಲ್ಪ ಜಾಸ್ತಿ. ಕೊಡಗಿನ ಅತಿ ಎತ್ತರದ ಬೆಟ್ಟ, ನಮ್ಮ ತಡಿಯಂಡಮೋಳ್ ತುದಿಯೇ 1,748. ಗಾಳಿ ಅಷ್ಟೇನೂ ತೆಳುವಲ್ಲ. ಮಡಿಕೇರಿ ಮಕ್ಕಳನ್ನು ಮೈಸೂರು ಮಕ್ಕಳ ಜೊತೆ ಹೋಲಿಸಿದರೆ ಎತ್ತರವೊಂದೇ ಬೇರೆಯಲ್ಲ. ಇಲ್ಲಿ ಮನೆಯಲ್ಲೇ ಹಾಕಿ ಸ್ಟಿಕ್ ಇರುತ್ತದೆ, 1997ರಿಂದ ಕೊಡವ ಕುಟುಂಬಗಳ ಟೂರ್ನಿಯೇ ಇದೆ, ಬಸ್ಸಿಗೆ ದಿನಾ ಏರು ಹತ್ತಬೇಕು.

ಆ ಏರನ್ನೇ ಅಳೆಯಿರಿ. ಒಂದೇ ಶಾಲೆಯಲ್ಲಿ ನಡೆದು ಬರುವವರು, ಜೀಪಿನಲ್ಲಿ ಬರುವವರು. ಯಾರ ಮನೆ ಎಷ್ಟು ದೂರ, ಎಷ್ಟು ಚಡಾವು, ಯಾರು ಸಂಜೆ ಆಡುತ್ತಾರೆ, ಎಲ್ಲ ಬರೆದುಕೊಳ್ಳಿ. ಇಂಥ ಪ್ರಪೋಸಲ್ ಯಾರಾದರೂ ತಂದರೆ ಎಷ್ಟು ಹೊತ್ತು ಬೇಕಾದರೂ ಕೂತು ನೋಡುತ್ತೇನೆ.